ತೇಪೆ ಬಿಚ್ಚಿ ಕಟ್ಟಿದ 1210: ಯಾವ ದಾರಿ ಎಷ್ಟು ಬಾಳಿಕೆ ಬಂತು

ಹಳೆಯ ಲಾರಿ ವಯಸ್ಸಿನಿಂದ ಕೆಡುವುದಕ್ಕಿಂತ ಹೆಚ್ಚಾಗಿ ತೇಪೆಗಳಿಂದ ಕೆಡುತ್ತದೆ. ತಿಪಟೂರಿನ ಮಾರುಕಟ್ಟೆಯಿಂದ ಕೊಬ್ಬರಿ ಹೊತ್ತು ವರ್ಷಾನುಗಟ್ಟಲೆ ದುಡಿದು, ಕೊನೆಗೆ ತೋಟದ ಅಂಚಿನಲ್ಲಿ ನಿಂತುಬಿಟ್ಟಿದ್ದ ನಮ್ಮ ಚಿಕ್ಕಪ್ಪನವರ ಟಾಟಾ 1210 ಲಾರಿಯನ್ನು ಮತ್ತೆ ರಸ್ತೆಗೆ ತರುವ ಕೆಲಸದಲ್ಲಿ ಇದು ಹೆಜ್ಜೆ ಹೆಜ್ಜೆಗೂ ಗೊತ್ತಾಯಿತು. ತುಕ್ಕು ಹಿಡಿದ ಭಾಗಗಳಿಗಿಂತ, ದಾರಿಯಲ್ಲಿ ಕೆಟ್ಟು ನಿಂತಾಗಲೆಲ್ಲ ‘ಈಗ ಊರು ಸೇರಿದರೆ ಸಾಕು’ ಎಂದು ಮಾಡಿಸಿಕೊಂಡು, ಊರು ಸೇರಿದ ಮೇಲೆ ಯಾರೂ ಮರಳಿ ನೋಡದೆ ಬಿಟ್ಟ ರಿಪೇರಿಗಳನ್ನು ಬಿಚ್ಚುವುದಕ್ಕೇ ಹೆಚ್ಚು ಶ್ರಮ ಹಿಡಿಯಿತು.

ಇಂತಹ ಲಾರಿಗಳು ಇಷ್ಟು ಕಾಲ ಉಳಿದುಬಂದಿರುವುದಕ್ಕೆ ಕಾರಣವಿದೆ. ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್) ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಯಿತಾದರೂ ಇಂಜಿನ್ನಿನ ವಂಶ ಮುಂದುವರಿಯಿತು. ನಮ್ಮ ಲಾರಿಯಲ್ಲಿರುವುದು 692 ಇಂಜಿನ್, ಅಂದರೆ ಆರು ಸಿಲಿಂಡರು, 92 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ). ಅದರ ದೊಡ್ಡಣ್ಣನಾದ 697ರಲ್ಲಿ ಬೋರ್ 97 ಮಿ.ಮೀ. ಒಂದೇ ಕುಟುಂಬದ ಇಂಜಿನ್ನುಗಳು ದಶಕಗಳ ಕಾಲ ಓಡಿದ್ದರಿಂದ ಬಿಡಿಭಾಗ ಇಂದಿಗೂ ಸಿಗುತ್ತದೆ, ಕೈಪಳಗಿದ ಮೇಸ್ತ್ರಿಗಳೂ ಸಿಗುತ್ತಾರೆ. ಬಿಡಿಭಾಗ ಸುಲಭವಾಗಿ ಸಿಗುವ ಗಾಡಿಗೇ ತೇಪೆಯೂ ಹೆಚ್ಚು ಬೀಳುತ್ತದೆ ಎಂಬುದು ಬೇರೆ ಮಾತು.

ಪ್ರತಿ ಹಂತದಲ್ಲೂ ಎರಡು ಮೂರು ದಾರಿಗಳಿದ್ದವು. ಸಾಧ್ಯವಾದ ಕಡೆಯಲ್ಲೆಲ್ಲ ಇದೇ ಲಾರಿಯ ಮೇಲೆ ಎರಡನ್ನೂ ಮಾಡಿ ನೋಡಿದೆವು. ಉಳಿದೆಡೆ ಹಿಂದಿನವರ ಕೆಲಸವನ್ನೇ ಒಂದು ಪಕ್ಷವಾಗಿಟ್ಟುಕೊಂಡು ಹೋಲಿಸಿದೆವು. ತೀರ್ಮಾನಕ್ಕೆ ನಾನು ಬಳಸಿದ ಅಳತೆಗೋಲು ಒಂದೇ: ಈ ಕೆಲಸವನ್ನು ನಾಳೆ ಇನ್ನೊಬ್ಬ ಮೇಸ್ತ್ರಿ, ಪಕ್ಕದ ಭಾಗವನ್ನು ಹಾಳುಮಾಡದೆ, ಬಿಚ್ಚಿ ಮತ್ತೆ ಕಟ್ಟಬಲ್ಲನೇ?

ಲಾರಿಯ ಭಾರವನ್ನೆಲ್ಲ ಹೊರುವ ಅಡಿಚೌಕಟ್ಟಾದ ಚಾಸಿಯಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಎಡವಿದರೆ ಉಳಿದ ಖರ್ಚೆಲ್ಲ ನೀರುಪಾಲು. ಹಿಂಬದಿಯ ಕಮಾನು (ಸ್ಪ್ರಿಂಗ್ ಪಟ್ಟಿ) ಬ್ರಾಕೆಟ್ಟಿನ ಮುಂದೆ ಎಡಗಡೆಯ ಉದ್ದ ಚಾನೆಲ್ಲಿಗೆ ಯಾರೋ ಒಂದು ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಇಟ್ಟು ಸುತ್ತಲೂ ವೆಲ್ಡ್ ಮಾಡಿದ್ದರು. ಪಟ್ಟಿಯ ಎರಡೂ ತುದಿಗಳನ್ನು ನೇರವಾಗಿ ಕತ್ತರಿಸಿದ್ದರಿಂದ ವೆಲ್ಡಿನ ಗೆರೆ ಚಾನೆಲ್ಲಿನ ಮೇಲಂಚನ್ನು ಅಡ್ಡಲಾಗಿ ದಾಟಿತ್ತು. ತಂತಿ ಬ್ರಷ್ಷಿನಿಂದ ಗ್ರೀಸು, ಮಣ್ಣು ತೆಗೆದು ನೋಡಿದಾಗ ಆ ಗೆರೆಯ ಬುಡದಲ್ಲಿಯೇ ಕೂದಲೆಳೆಯಂತಹ ಇನ್ನೊಂದು ಬಿರುಕು ಕಾಣಿಸಿತು. ಇದು ಆಕಸ್ಮಿಕವಲ್ಲ. ವೆಲ್ಡಿನ ಕಾವು ತಗುಲಿದ ಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ. ಬಾಗುವ ಒತ್ತಡ ಅತಿ ಹೆಚ್ಚಾಗಿ ಬೀಳುವುದೂ ಮೇಲಂಚು ಮತ್ತು ಕೆಳಂಚಿನ ಮೇಲೆಯೇ. ಪಟ್ಟಿ ಇದ್ದಕ್ಕಿದ್ದಂತೆ ಮುಗಿಯುವ ಕಡೆ ಆ ಒತ್ತಡವೆಲ್ಲ ಒಂದೇ ಗೆರೆಯಲ್ಲಿ ಒಟ್ಟುಗೂಡುತ್ತದೆ. ಈ ಮೂರೂ ಒಂದೇ ಜಾಗದಲ್ಲಿ ಸೇರಿದ್ದವು.

ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ಹುಡುಕಲು ಎರಡು ಕ್ರಮಗಳನ್ನು ಒಂದರ ಹಿಂದೊಂದು ಪ್ರಯತ್ನಿಸಿದೆವು. ಹಳೆಯ ಕ್ರಮದಲ್ಲಿ ಸೀಮೆಎಣ್ಣೆ ಹಚ್ಚಿ, ಅದು ಒಳಗಿಳಿದ ಮೇಲೆ ಮೇಲ್ಮೈ ಒರೆಸಿ ಸುಣ್ಣದ ಪುಡಿ ಬಳಿಯುತ್ತಾರೆ. ಬಿರುಕಿನೊಳಗೆ ಉಳಿದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಹೊಸ ಕ್ರಮದಲ್ಲಿ ಕೆಂಪು ಬಣ್ಣದ ದ್ರವ, ಶುಚಿಕಾರಕ, ಬಿಳಿ ಡೆವಲಪರ್ ಎಂದು ಮೂರು ಸ್ಪ್ರೇ ಡಬ್ಬಿಗಳು ಬೇಕು. ದೊಡ್ಡ ಬಿರುಕನ್ನು ಎರಡೂ ತೋರಿಸಿದವು. ಆದರೆ ರಿವೆಟ್ ರಂಧ್ರದಿಂದ ಹೊರಟ ಒಂದು ಉಗುರಿನಷ್ಟು ಉದ್ದದ ಬಿರುಕನ್ನು ಕೆಂಪು ದ್ರವ ಮಾತ್ರ ಹಿಡಿಯಿತು. ಸೀಮೆಎಣ್ಣೆ ಆ ಜಾಗದಲ್ಲಿ ಹರಡಿ ಬರೀ ಕಲೆಯಾಯಿತು. ಚಾಸಿಯ ಮಟ್ಟಿಗೆ ಈ ಖರ್ಚಿನಲ್ಲಿ ಉಳಿತಾಯ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ದುರಸ್ತಿಗೆ ಹಳೆಯ ಪಟ್ಟಿಯನ್ನು ಪೂರ್ತಿ ಕತ್ತರಿಸಿ ತೆಗೆದು, ಬಿರುಕಿನ ತುದಿಗೆ ಅದು ಮುಂದೆ ಓಡದಂತೆ ಸಣ್ಣ ರಂಧ್ರ ಕೊರೆದು, ಬಿರುಕನ್ನು ‘ವಿ’ ಆಕಾರಕ್ಕೆ ಗ್ರೈಂಡ್ ಮಾಡಿ, ಒಣಗಿಸಿದ 7018 ವೆಲ್ಡಿಂಗ್ ರಾಡಿನಿಂದ ತುಂಬಿಸಿ ಸಮತಟ್ಟು ಮಾಡಿದೆವು. ರಸ್ತೆಬದಿಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು 6013 ರಾಡು. ಅದು ಹಿಡಿಯಲು ಸುಲಭ, ನೋಡಲು ಅಂದ, ಗೇಟು ಗ್ರಿಲ್ಲುಗಳಿಗೆ ಸಾಕು. ಹೊರೆ ಹೊರುವ ಚಾಸಿಗೆ ಕಡಿಮೆ ಹೈಡ್ರೋಜನ್ನಿನ 7018 ಬೇಕು, ಮತ್ತು ಅದು ತೇವ ಹೀರಿದ್ದರೆ ಅದರ ಗುಣವೇ ಹೋಗುತ್ತದೆ. ಆಮೇಲೆ ಚಾಸಿಯ ಚಾನೆಲ್ಲಿನ ಒಳಬದಿಗೆ, ತುದಿಗಳನ್ನು ಓರೆಯಾಗಿ ಇಳಿಸಿದ ಚಾನೆಲ್ ಆಕಾರದ ಬಲವರ್ಧಕವನ್ನು ಕೂರಿಸಿ, ಮೇಲಂಚು ಕೆಳಂಚುಗಳನ್ನು ಮುಟ್ಟದೆ, ನಡುಭಾಗದಲ್ಲಿ ಮಾತ್ರ ಬೋಲ್ಟು ಹಾಕಿದೆವು.

ಎರಡು ಉದ್ದ ಚಾನೆಲ್ಲುಗಳನ್ನು ಜೋಡಿಸುವ ಅಡ್ಡ ತೊಲೆಗಳನ್ನು ಸೇರಿಸುವಲ್ಲಿ ರಿವೆಟ್ಟೋ ಬೋಲ್ಟೋ ಎಂಬ ಚರ್ಚೆ ಬಹಳ ನಡೆಯಿತು. ಬಲಬದಿಗೆ ಕಾಸಿದ ರಿವೆಟ್, ಎಡಬದಿಗೆ ರೀಮರ್ ಆಡಿಸಿ ಅಳತೆಗೆ ಸರಿಯಾಗಿ ನಯಗೊಳಿಸಿದ ರಂಧ್ರದಲ್ಲಿ ಬಿಗಿಯಾಗಿ ಕೂರುವ, ಹೆಚ್ಚು ಗಟ್ಟಿಯಾದ 10.9 ದರ್ಜೆಯ ಬೋಲ್ಟು ಹಾಕಿಸಿದೆ. ಕಾಸಿದ ರಿವೆಟ್ ತಣಿದಂತೆ ಉದ್ದದಲ್ಲಿ ಕುಗ್ಗಿ ಎರಡು ತಗಡುಗಳನ್ನು ಚೆನ್ನಾಗಿ ಅಪ್ಪುತ್ತದೆ, ಆದರೆ ದಪ್ಪದಲ್ಲೂ ಕುಗ್ಗುವುದರಿಂದ ರಂಧ್ರದಲ್ಲಿ ಕೂದಲಷ್ಟು ಸಡಿಲ ಉಳಿಯುತ್ತದೆ. ಹೊರೆ ಹಾಕಿ ಓಡಿಸಿದ ಮೇಲೆ ಪರಿಶೀಲಿಸಿದಾಗ ಬೋಲ್ಟುಗಳಿಗೆ ಒಮ್ಮೆ ಮರುಬಿಗಿ ಬೇಕಾಯಿತು, ರಿವೆಟ್ಟುಗಳಿಗೆ ಬೇಕಾಗಲಿಲ್ಲ. ಆದರೂ ನನ್ನ ಮತ ಬೋಲ್ಟಿಗೇ. ಸಡಿಲವಾದ ಬೋಲ್ಟು ಸ್ಪ್ಯಾನರಿಗೆ ಸಿಗುತ್ತದೆ. ಸಡಿಲವಾದ ರಿವೆಟ್ಟನ್ನು ಕತ್ತರಿಸಿಯೇ ತೆಗೆಯಬೇಕು, ಮತ್ತು ಹೀಗೆ ಕತ್ತರಿಸುವಾಗ ಗ್ಯಾಸ್ ಕಟ್ಟರ್ ಹಿಡಿದವನ ಕೈ ಒಂದಿಷ್ಟು ಜಾರಿದರೂ ಚಾನೆಲ್ಲಿಗೆ ಗಾಯವಾಗುತ್ತದೆ.

ಇಂಜಿನ್ನಿಗೆ ಮೂರು ದಾರಿಗಳಿದ್ದವು: ಹಾಫ್ ಇಂಜಿನ್ ಕೆಲಸ, ಫುಲ್ ಇಂಜಿನ್ ಕೆಲಸ, ಇಲ್ಲವೇ ಗುಜರಿಯಿಂದ ಇನ್ನೊಂದು ಇಂಜಿನ್ ತಂದು ಕೂರಿಸುವುದು. ಗುಜರಿಯ 697 ಇಂಜಿನ್ ಹಾಕಿ ಎಂದು ಹೇಳಿದವರೇ ಹೆಚ್ಚು. ಶಕ್ತಿಯೂ ಹೆಚ್ಚು, ಕೆಲಸವೂ ಬೇಗ ಎಂಬುದು ಅವರ ವಾದ. ನೋಡಲು ಹೋದ ಕಡೆ ಇಂಜಿನ್ನು ಶುರುವಾಗಿ ಓಡಿತು ಕೂಡ. ಆದರೆ ಓಡುವ ಇಂಜಿನ್ ಒಳಗೆ ಹೇಗಿದೆ ಎಂಬುದು ಬಿಚ್ಚದೆ ತಿಳಿಯದು. ಬಿಚ್ಚುವುದೇ ಆದರೆ ನಮ್ಮದನ್ನೇ ಬಿಚ್ಚಬಹುದಲ್ಲ. ಜೊತೆಗೆ ಇಂಜಿನ್ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಿರುವುದರಿಂದ, ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ದಾಖಲೆ ತಿದ್ದಿಸಬೇಕು. ಗುಜರಿ ಇಂಜಿನ್ನಿನ ಮೂಲದ ಕಾಗದ ಪತ್ರ ಸರಿಯಿಲ್ಲದಿದ್ದರೆ ಫಿಟ್‌ನೆಸ್ ಸಮಯದಲ್ಲಿ ತೊಡಕು.

ಹಾಫ್ ಇಂಜಿನ್ ಕೆಲಸವನ್ನು ಈ ಲಾರಿ ಹಿಂದೆಯೇ ಕಂಡಿತ್ತು. ಅದರಲ್ಲಿ ಇಂಜಿನ್ನನ್ನು ಕೆಳಗಿಳಿಸದೆ ಹೆಡ್ಡು, ಸಂಪು (ಇಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ) ಬಿಚ್ಚಿ ರಿಂಗುಗಳನ್ನು ಬದಲಿಸಿ, ವಾಲ್ವ್ ಉಜ್ಜಿ ಮುಚ್ಚುತ್ತಾರೆ. ಪಿಸ್ಟನ್ನುಗಳ ಓಡಾಟವನ್ನು ತಿರುಗುವ ಚಲನೆಯಾಗಿಸುವ ಕ್ರ್ಯಾಂಕ್ ಇದ್ದಲ್ಲೇ ಇರುತ್ತದೆ. ಹೊಗೆ ಕೆಲಕಾಲ ಕಡಿಮೆಯಾಗುತ್ತದೆ. ಆದರೆ ಸವೆದು ಅಂಡಾಕಾರವಾದ ಬೋರಿನಲ್ಲಿ ದುಂಡನೆಯ ಹೊಸ ರಿಂಗು ಎಷ್ಟು ದಿನ ಎಣ್ಣೆ ತಡೆದೀತು? ನಾವು ಇಂಜಿನ್ ಇಳಿಸಿ, ಕನೆಕ್ಟಿಂಗ್ ರಾಡಿನ ಒಂದು ಕ್ಯಾಪ್ ಬಿಚ್ಚಿದಾಗ, ಬೇರಿಂಗಿನ ಬೆನ್ನಿಗೆ ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿಬಣ್ಣದ ಹಾಳೆ ಮಡಚಿ ಇಟ್ಟಿರುವುದು ಸಿಕ್ಕಿತು. ಸವೆದ ಜರ್ನಲ್ಲಿಗೆ (ಕ್ರ್ಯಾಂಕಿನಲ್ಲಿ ಬೇರಿಂಗ್ ಅಪ್ಪುವ ದುಂಡನೆಯ ಭಾಗ) ಬೇರಿಂಗ್ ಬಿಗಿಯಾಗಲೆಂದು ಮಾಡಿದ ‘ಪ್ಯಾಕಿಂಗ್’ ಅದು. ಬೇರಿಂಗಿನ ಬೆನ್ನು ಲೋಹಕ್ಕೆ ನೇರವಾಗಿ ಅಂಟಿಕೊಂಡಿದ್ದರೆ ಮಾತ್ರ ಕಾವು ಹೊರಹೋಗುತ್ತದೆ. ಹಾಳೆ ಅಡ್ಡ ಬಂದ ಜಾಗದಲ್ಲಿ ಬೇರಿಂಗಿನ ಮೈ ನೀಲಿಗಟ್ಟಿತ್ತು. ‘ಇದು ಇಷ್ಟು ದೂರ ಓಡಿದ್ದೇ ಹೆಚ್ಚು ಸಾರ್’ ಎಂದು ಮೇಸ್ತ್ರಿಯವರು ಆ ಹಾಳೆಯನ್ನು ಬೆಂಚಿನ ಮೇಲೆ ಬಿಡಿಸಿಟ್ಟರು.

ಅಲ್ಲಿಗೆ ಕ್ರ್ಯಾಂಕನ್ನೂ ಸರಿಪಡಿಸುವ ಫುಲ್ ಇಂಜಿನ್ ಕೆಲಸವೇ ಎಂದು ನಿಶ್ಚಯವಾಯಿತು. ಆದರೆ ಅದರಲ್ಲೂ ಎರಡು ಬಗೆಯ ಲೇತ್ ಅಂಗಡಿಗಳಿವೆ. ಒಂದು ಕಡೆ ಜರ್ನಲ್ಲನ್ನು ಕಣ್ಣಿಂದ ನೋಡಿ ‘ಐವತ್ತು ಹೊಡೆದುಬಿಡೋಣ’ ಎಂದರು, ಅಂದರೆ 0.50 ಮಿ.ಮೀ. ಗ್ರೈಂಡ್ ಮಾಡುವುದು. ಇನ್ನೊಂದು ಕಡೆ ಪ್ರತಿ ಜರ್ನಲ್ಲನ್ನೂ ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆದು ಕಾಗದದ ಮೇಲೆ ಬರೆದುಕೊಟ್ಟರು. ಗ್ರೈಂಡ್ ಮಾಡಿ ತೆಳುವಾದ ಜರ್ನಲ್ಲಿಗೆ ಹಾಕುವ ಅಂಡರ್‌ಸೈಜ್ ಬೇರಿಂಗುಗಳು 0.25, 0.50, 0.75 ಮಿ.ಮೀ. ಎಂಬ ಮೆಟ್ಟಿಲುಗಳಲ್ಲಿ ಬರುತ್ತವೆ. ಪ್ರತಿ ಸಲ ಗ್ರೈಂಡ್ ಮಾಡಿದಾಗಲೂ ಕ್ರ್ಯಾಂಕಿನ ಆಯಸ್ಸಿನ ಒಂದು ಮೆಟ್ಟಿಲು ಮುಗಿಯುತ್ತದೆ. ಅಳತೆಯ ಪ್ರಕಾರ 0.25 ಸಾಕಾಗಿತ್ತು. ಅಂದಾಜಿನ ಅಂಗಡಿಯವರ ದರ ಕಡಿಮೆಯಿತ್ತು, ಆದರೆ ಮುಂದಿನ ಒಂದು ದುರಸ್ತಿಯ ಅವಕಾಶವನ್ನೇ ಅವರು ತಿಂದುಹಾಕುತ್ತಿದ್ದರು.

ಫ್ಯೂಯಲ್ ಪಂಪಿನ ವಿಷಯದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ನಮ್ಮ ಪಂಪ್ ಬೆಂಗಳೂರಿನಲ್ಲೇ ತಯಾರಾದ ಮೈಕೊ. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಇಂದಿಗೂ ಅದು ಮೈಕೊ ಪಂಪೇ. ಹೆದ್ದಾರಿ ಬದಿಯಲ್ಲಿ ಯಾರೋ ಅದರ ಸೀಲ್ ಒಡೆದು ‘ಪಿಕಪ್’ ಹೆಚ್ಚಿಸಲೆಂದು ಡೀಸೆಲ್ ಪ್ರಮಾಣ ಏರಿಸಿದ್ದರು. ಹಾಗೆ ಮಾಡಿದರೆ ಏರಿನಲ್ಲಿ ಎಳೆತ ಹೆಚ್ಚಾದಂತೆ ಅನಿಸುವುದು ನಿಜ, ಆದರೆ ಸುಡಲು ಸಾಲುವಷ್ಟು ಗಾಳಿ ಇಲ್ಲದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ, ಪಿಸ್ಟನ್ ತಲೆ ಕಾಯುತ್ತದೆ. ಟೆಸ್ಟ್ ಬೆಂಚಿನ ಮೇಲೆ ಆರೂ ಗಾಜಿನ ಕೊಳವೆಗಳಲ್ಲಿ ಡೀಸೆಲ್ ಬೇರೆ ಬೇರೆ ಎತ್ತರಕ್ಕೆ ನಿಂತದ್ದನ್ನು ನೋಡಿದ ಮೇಲೆ, ಕಿವಿಗೊಟ್ಟು ಪಂಪ್ ಸರಿಮಾಡುವ ಕೌಶಲ್ಯದ ಬಗ್ಗೆ ನನಗಿದ್ದ ಗೌರವ ಸ್ವಲ್ಪ ತಗ್ಗಿತು. ಪಂಪಿನಲ್ಲಿ ಡೀಸೆಲ್ ತಳ್ಳುವ ಎಲಿಮೆಂಟುಗಳನ್ನು ಹೊಸದಾಗಿ ಹಾಕಿ ಆರನ್ನೂ ಸಮ ಮಾಡಿದ ಬಳಿಕ ನಿಂತಲ್ಲಿನ ನಡುಕ ಬಹುಪಾಲು ಹೋಯಿತು.

ಬಿಡಿಭಾಗಗಳ ಆಯ್ಕೆಗೆ ಒಂದೇ ನಿಯಮ ಹೇಳಲಾಗದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ವಸ್ತು ಅಸಲಿ, ಲೋಕಲ್, ಬಳಸಿದ ಅಸಲಿ ಎಂದು ಮೂರು ರೂಪಗಳಲ್ಲಿ ಸಿಗುತ್ತದೆ. ಬ್ರಾಕೆಟ್, ಹೌಸಿಂಗ್‌ನಂತಹ ಎರಕದ ಭಾರೀ ಭಾಗಗಳಿಗೆ, ಬಿರುಕಿಲ್ಲವೆಂದು ಪರೀಕ್ಷಿಸಿದ ಬಳಸಿದ ಅಸಲಿ ಮಾಲೇ ಹೊಸ ಲೋಕಲ್ ಮಾಲಿಗಿಂತ ಲೇಸು. ಟೈ ರಾಡ್ ಎಂಡ್, ಬ್ರೇಕ್ ಹೋಸ್, ಬೇರಿಂಗುಗಳಲ್ಲಿ ಬಳಸಿದ್ದನ್ನು ಮುಟ್ಟಲೇಬಾರದು. ರಬ್ಬರ್ ಮಾತ್ರ ವಿಚಿತ್ರ: ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕೂತ ಅಸಲಿ ಸೀಲ್ ಬಾಗಿಸಿದರೆ ಸೀಳುತ್ತದೆ, ಇತ್ತೀಚೆಗೆ ತಯಾರಾದ ಒಳ್ಳೆಯ ಲೋಕಲ್ ಸೀಲ್ ಅದಕ್ಕಿಂತ ವಾಸಿ.

ವೈರಿಂಗನ್ನು ಸರಿಪಡಿಸುವುದೋ ಪೂರ್ತಿ ಬದಲಿಸುವುದೋ ಎಂಬ ಪ್ರಶ್ನೆಗೆ ಹೆಚ್ಚು ಯೋಚನೆ ಬೇಕಿರಲಿಲ್ಲ. ಟೇಪು ಸುತ್ತಿದ ಗಂಟುಗಳನ್ನು ಹುಡುಕುವ ಕೂಲಿಯಲ್ಲೇ ಹೊಸ ಹಾರ್ನೆಸ್ (ತಂತಿಗಳ ಕಟ್ಟು) ಬರುತ್ತದೆ. ಒಂದು ಸಂಗತಿ ಮಾತ್ರ ಗಮನಿಸಬೇಕು. ಈ ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳು ಸರಣಿಯಲ್ಲಿ ಸೇರಿ 24 ವೋಲ್ಟ್ ಕೊಡುತ್ತವೆ. ಟೇಪ್‌ರೆಕಾರ್ಡರಿಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದರು. ಹೀಗಾದಾಗ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ, ಎರಡೂ ಬೇಗ ಸಾಯುತ್ತವೆ. ಚಿಕ್ಕ ಕನ್ವರ್ಟರ್ ಹಾಕಿದರೆ ಮುಗಿಯುವ ಕೆಲಸ.

ಕ್ಯಾಬಿನ್ನಿನ ಎರಡು ಬಾಗಿಲುಗಳನ್ನು ಬೇರೆ ಬೇರೆ ರೀತಿಯಲ್ಲಿ ಸರಿಪಡಿಸಿದೆವು. ಎಡ ಬಾಗಿಲಿಗೆ ಮಾಮೂಲಿ ಟಿಂಕರಿಂಗ್: ತುಕ್ಕು ತಿಂದ ಕೆಳಭಾಗದ ಮೇಲೆ ತಗಡು ಹೊದಿಸಿ, ಪಟ್ಟಿ ಹಾಕಿ, ರೆಡ್ ಆಕ್ಸೈಡ್ ಬಳಿದು ಎನಾಮೆಲ್ ಹೊಡೆದದ್ದು. ಬಲ ಬಾಗಿಲಿಗೆ ತುಕ್ಕಿನ ಭಾಗವನ್ನೇ ಕತ್ತರಿಸಿ, ಅದೇ ಆಕಾರದ ಹೊಸ ತಗಡನ್ನು ಅಂಚಿಗೆ ಅಂಚು ಕೂಡಿಸಿ, ತಗಡು ಕಾದು ಸೊಟ್ಟಗಾಗದಂತೆ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿ ಎಪಾಕ್ಸಿ ಪ್ರೈಮರ್ ಹೊಡೆದೆವು. ಬಣ್ಣ ಆರಿದ ದಿನ ಎರಡರಲ್ಲಿ ಎಡ ಬಾಗಿಲೇ ಹೆಚ್ಚು ನಯವಾಗಿ ಕಾಣುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತು. ಎರಡು ತಗಡುಗಳ ನಡುವೆ ಸಿಕ್ಕ ನೀರಿಗೆ ಹೊರಹೋಗಲು ದಾರಿಯಿರಲಿಲ್ಲ. ವೆಲ್ಡನ್ನು ಚಾಸಿಯಲ್ಲಿ ಅಷ್ಟು ದೂರಿದ ನಾನು ಕ್ಯಾಬಿನ್ನಿನಲ್ಲಿ ಅದನ್ನೇ ಹೊಗಳುತ್ತಿದ್ದೇನೆ, ಏಕೆಂದರೆ ಇಲ್ಲಿ ತಗಡು ಹೊರೆ ಹೊರುವುದಿಲ್ಲ, ನೀರನ್ನು ಹೊರಗಿಡಬೇಕು ಅಷ್ಟೇ.

ಹಿಂದಿನ ಬಾಡಿಯನ್ನು ಚಾಸಿಗೆ ನೇರವಾಗಿ ವೆಲ್ಡ್ ಮಾಡಿದ್ದರು. ಅದನ್ನು ಬಿಡಿಸಿ, ನಡುವೆ ಮತ್ತಿಮರದ ಪಟ್ಟಿ ಹಾಸಿ, ಯು-ಬೋಲ್ಟುಗಳಿಂದ ಬಿಗಿದೆವು. ಹಳ್ಳದಿಣ್ಣೆಯ ರಸ್ತೆಯಲ್ಲಿ ಚಾಸಿ ತಿರುಚಿಕೊಳ್ಳಲೇಬೇಕು. ಬಾಡಿ ಅದಕ್ಕೆ ಬಿಡದಿದ್ದರೆ ಎಲ್ಲಾದರೂ ಒಂದು ಕಡೆ ಸೀಳುತ್ತದೆ. ಮರ ಒಣಗಿ ಕುಗ್ಗುವುದರಿಂದ ಆರಂಭದಲ್ಲಿ ಯು-ಬೋಲ್ಟುಗಳನ್ನು ಆಗಾಗ ಬಿಗಿಯಬೇಕಾಗುತ್ತದೆ.

ಗೇರ್‌ಬಾಕ್ಸನ್ನು ಮಾತ್ರ ನಾವು ಬಿಚ್ಚಲಿಲ್ಲ. ಎಲ್ಲವನ್ನೂ ಬಿಚ್ಚಿದ ಮೇಲೆ ಇದೊಂದೇಕೆ ಬಾಕಿ ಎಂದು ಕೇಳಿದವರುಂಟು. ಇಳಿಸಿದ ಎಣ್ಣೆಯಲ್ಲಿ ಹಿತ್ತಾಳೆಯ ಹೊಳಪಾಗಲಿ ಕಬ್ಬಿಣದ ಚೂರಾಗಲಿ ಇರಲಿಲ್ಲ, ಗೇರು ತಾನಾಗಿ ಜಾರುತ್ತಿರಲಿಲ್ಲ, ಮತ್ತು ಕೇಸಿಂಗಿನ ಬೋಲ್ಟುಗಳ ತಲೆ ನೋಡಿದರೆ ಈ ಲಾರಿಯಲ್ಲಿ ಹಿಂದಿನ ಯಾವ ಕೈಯೂ ತಾಗದ ಭಾಗ ಅದೊಂದೇ ಎಂಬುದು ತಿಳಿಯುತ್ತಿತ್ತು. ಹೊಸ ಎಣ್ಣೆ ತುಂಬಿ, ಎಣ್ಣೆ ಇಳಿಸುವ ಡ್ರೈನ್ ಪ್ಲಗ್ಗಿನ ಬದಲು ಅಯಸ್ಕಾಂತವಿರುವ ಪ್ಲಗ್ ಹಾಕಿದ್ದೇವೆ. ಮುಂದಿನ ಸಲ ಎಣ್ಣೆ ಇಳಿಸಿದಾಗ ಅದಕ್ಕೆ ಏನು ಅಂಟಿರುತ್ತದೆ ಎಂಬುದನ್ನು ನೋಡಿ ಬಿಚ್ಚುವುದೋ ಬೇಡವೋ ನಿರ್ಧರಿಸುತ್ತೇವೆ.