ಹಾಯಿಯನ್ನು ತಾಡಪತ್ರಿಯಂತೆ ಬಿಗಿಯಬೇಡಿ

ಗೋವಾದಲ್ಲೋ ಕಾರವಾರದಲ್ಲೋ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಅದರ ಹಾಯಿಯನ್ನು ದುರಸ್ತಿಗೆಂದು ಹುಬ್ಬಳ್ಳಿಗೆ ತರಲು ಹೊರಟವರಿದ್ದರೆ ದಯವಿಟ್ಟು ಇದನ್ನು ಓದಿ ಆಮೇಲೆ ಹೊರಡಿ. ಕಳೆದ ಜನವರಿಯಲ್ಲಿ ನನ್ನ ಅಣ್ಣನ ಮಗನ ಅಂಗೈಗೆ ಆದದ್ದು ಇನ್ನೊಂದು ಮನೆಯ ಹುಡುಗನಿಗೆ ಆಗಬಾರದು ಎಂದು ಬರೆಯುತ್ತಿದ್ದೇನೆ.

ನಾವು ಮೂವರು ಗೆಳೆಯರು, ಇಬ್ಬರು ಹುಬ್ಬಳ್ಳಿಯವರು, ಒಬ್ಬರು ಧಾರವಾಡದವರು, ಪಾಲು ಹಾಕಿ 25 ಅಡಿಯ ಒಂದು ಹಳೆಯ ದೋಣಿ ಕೊಂಡೆವು. ಅದು ಪಣಜಿಯ ಬಳಿ ಮಾಂಡೋವಿ ನದಿಯಲ್ಲಿ ನಿಂತಿರುತ್ತದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಅಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಆ ನೀರಿನ ಮೇಲೆ ನಮ್ಮದೊಂದು ದೋಣಿ ಇರಬೇಕೆಂಬುದು ನಮ್ಮ ಬಹಳ ದಿನಗಳ ಆಸೆ. ದೋಣಿಯ ಒಡಲು ಗಟ್ಟಿಯಾಗಿತ್ತು, ಎಂಜಿನ್ ಕೂಡ ಚೆನ್ನಾಗಿತ್ತು. ದೊಡ್ಡ ಹಾಯಿ ಮಾತ್ರ ಮುಪ್ಪಾಗಿತ್ತು.

ಹಾಯಿಯ ಪರಿಚಯವಿಲ್ಲದವರಿಗಾಗಿ ಇಷ್ಟು ಹೇಳಬೇಕು. ದೊಡ್ಡ ಹಾಯಿ ದೂರಕ್ಕೆ ತ್ರಿಕೋನದಂತೆ ಕಂಡರೂ ಅದರ ಹಿಂಬದಿಯ ಅಂಚು ನೇರವಾಗಿರುವುದಿಲ್ಲ, ಹೊರಕ್ಕೆ ಸ್ವಲ್ಪ ಉಬ್ಬಿರುತ್ತದೆ. ಮುಂಬದಿಯ ಅಂಚಿಗೆ ಕೂವೆಕಂಬದ ಆಧಾರವಿದೆ, ಕೆಳಗಿನ ಅಂಚಿಗೆ ಬೂಮ್ ಎಂಬ ಅಡ್ಡಗಳುವಿದೆ, ಈ ಉಬ್ಬಿಗೆ ಏನೂ ಇಲ್ಲ. ಹಾಗೆಯೇ ಬಿಟ್ಟರೆ ಅದು ಮಡಚಿಕೊಳ್ಳುತ್ತದೆ, ಗಾಳಿಗೆ ಪಟಪಟನೆ ಬಡಿದುಕೊಂಡು ಹರಿಯುತ್ತದೆ. ಅದಕ್ಕಾಗಿ ಹಾಯಿಗೆ ಅಡ್ಡಲಾಗಿ ಉದ್ದುದ್ದ ಕಿಸೆಗಳನ್ನು ಹೊಲಿದು, ಒಳಗೆ ಬಾಗುವ ಪಟ್ಟಿಗಳನ್ನು ತೂರಿಸುತ್ತಾರೆ. ಇವೇ ಬ್ಯಾಟನ್‌ಗಳು. ಹಿಂದೆ ಮರದವು ಇರುತ್ತಿದ್ದವು, ಈಗ ಹೆಚ್ಚಾಗಿ ಫೈಬರ್‌ಗ್ಲಾಸಿನವು. ನಮ್ಮ ಹಾಯಿಗೆ ನಾಲ್ಕು ಕಿಸೆಗಳು: ಮೇಲಿನ ಎರಡು ಹಿಂಬದಿಯಿಂದ ಕಂಬದವರೆಗೂ ಪೂರ್ತಿ ಉದ್ದದವು, ಕೆಳಗಿನ ಎರಡು ಗಿಡ್ಡವು. ಉದ್ದದ ಬ್ಯಾಟನ್‌ಗಳಲ್ಲಿ ಒಂದು ಮುರಿದಿತ್ತು, ಇನ್ನೊಂದು ಕಾಣೆಯಾಗಿತ್ತು. ಕಿಸೆಗಳ ಹೊಲಿಗೆ ಅಲ್ಲಲ್ಲಿ ಬಿಟ್ಟಿತ್ತು.

ಹಾಯಿಯನ್ನು ಮಡಚಿ, ಕಾರಿನ ಹಿಂದೆ ಹಾಕಿಕೊಂಡು, ಅನಮೋಡ ಘಟ್ಟ ಹತ್ತಿ ಊರಿಗೆ ತಂದೆ. ನಮ್ಮೂರಿನ ಹೊಲಿಗೆಯ ಮೇಲೆ ನನಗೆ ಅಭಿಮಾನವಿದೆ. ರಾಷ್ಟ್ರಧ್ವಜ ಸಿದ್ಧವಾಗುವುದು ನಮ್ಮ ಬೆಂಗೇರಿಯ ಖಾದಿ ಕೇಂದ್ರದಲ್ಲಿ. ಗಾಳಿಗೆ ನಿಲ್ಲುವ ಬಟ್ಟೆಯನ್ನು ಹೊಲಿಯಲು ಹುಬ್ಬಳ್ಳಿಯಲ್ಲಿ ಕೈಗಳಿಗೆ ಬರವಿಲ್ಲ ಎಂದುಕೊಂಡೆ. ಆದರೆ ಧ್ವಜ ಇರುವುದೇ ಹಾರಾಡುವುದಕ್ಕೆ. ಹಾಯಿ ಹಾರಾಡಬಾರದು, ಅದು ಗಾಳಿಯನ್ನು ತುಂಬಿಕೊಂಡು ಒಂದು ಬಾಗಿನಲ್ಲಿ ನಿಲ್ಲಬೇಕು. ಈ ವ್ಯತ್ಯಾಸ ಅಂದು ನನಗೆ ಹೊಳೆದಿದ್ದರೆ ಎಷ್ಟೋ ಉಳಿಯುತ್ತಿತ್ತು.

ಲಾರಿಗಳಿಗೆ, ಹೊಲದ ರಾಶಿಗಳಿಗೆ ತಾಡಪತ್ರಿ ಹೊಲಿದುಕೊಡುವ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಅವರು ತಮ್ಮ ಕೆಲಸದಲ್ಲಿ ಕುಶಲರು. ಮೆಣಸಿನಕಾಯಿ ಹೇರಿದ ಲಾರಿ ಬ್ಯಾಡಗಿಯಿಂದ ಹೊರಟು ರಾತ್ರಿಯಿಡೀ ಓಡಿದರೂ ಅವರ ತಾಡಪತ್ರಿ ಮಿಸುಕುವುದಿಲ್ಲ. ನಾನು ಹಾಯಿಯನ್ನು ನೆಲದ ಮೇಲೆ ಹರಡಿ, ಹಿಂಬದಿಯಲ್ಲಿ ಕಿಸೆಯ ಬಾಯಿಗಿದ್ದ ವೆಲ್ಕ್ರೊ ಪಟ್ಟಿಯನ್ನು ತೋರಿಸಿದೆ. ಅದು ಹಳತಾಗಿ ಕಚ್ಚುತ್ತಿರಲಿಲ್ಲ.

“ಇದೆಲ್ಲ ಏಕೆ ಬೇಕು ಸಾಹೇಬರೇ, ಪಟ್ಟಿ ಹಾಕಿ ಬಾಯಿಯನ್ನೇ ಹೊಲಿದುಬಿಡುತ್ತೇನೆ. ಜನ್ಮದಲ್ಲಿ ಹೊರಗೆ ಬರುವುದಿಲ್ಲ,” ಎಂದರು.

“ಬಿಗಿ ಎಷ್ಟಿರಬೇಕು?” ಎಂದು ನಾನೇ ಅವರನ್ನು ಕೇಳಿದೆ.

“ಬಾರಿಸಿದರೆ ಹಲಗೆಯಂತೆ ಸದ್ದು ಬರಬೇಕು. ಸಡಿಲ ಬಿಟ್ಟರೆ ಗಾಳಿ ತಿಂದುಹಾಕುತ್ತದೆ.”

ತಾಡಪತ್ರಿಯ ಮಟ್ಟಿಗೆ ಈ ಮಾತು ನೂರಕ್ಕೆ ನೂರು ನಿಜ. ನಾನು ತಲೆಯಾಡಿಸಿ ಬಂದೆ.

ಅಂಗಡಿಯವರು ಪರಿಚಯಿಸಿದ ಇನ್ನೊಬ್ಬರು ಫೈಬರ್‌ಗ್ಲಾಸಿನ ಪಟ್ಟಿಗಳನ್ನು ಕತ್ತರಿಸಿಕೊಟ್ಟರು. ಮುರಿದ ಬ್ಯಾಟನ್ನಿನ ದಪ್ಪ ಒಂದು ತುದಿಯಲ್ಲಿ 3 ಮಿಲಿಮೀಟರ್, ಇನ್ನೊಂದು ತುದಿಯ ಕಡೆಗೆ ಅದಕ್ಕಿಂತ ತೆಳು. ಅವರು ಕೊಟ್ಟದ್ದು ಉದ್ದಕ್ಕೂ ಒಂದೇ ಸಮನೆ 5 ಮಿಲಿಮೀಟರ್. ಎರಡು ಮಿಲಿಮೀಟರ್ ಹೆಚ್ಚಿದ್ದರೆ ಗಟ್ಟಿಯಾಯಿತು, ಒಳ್ಳೆಯದೇ ಆಯಿತು ಎಂದು ನಾವು ಸಂತೋಷಪಟ್ಟೆವು. ಪಟ್ಟಿಯ ಗಡಸುತನ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗಿಸಲು ಎಂಟು ಪಟ್ಟು ಬಲ ಬೇಕು. 3ರ ಜಾಗದಲ್ಲಿ 5 ಹಾಕಿದರೆ ಗಡಸುತನ ನಾಲ್ಕೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಶಾಲೆಯಲ್ಲಿ ಕಲಿತಿದ್ದ ಲೆಕ್ಕ ಇದು, ಕೈಯಲ್ಲಿ ಪಟ್ಟಿ ಹಿಡಿದಾಗ ನೆನಪಾಗಲಿಲ್ಲ.

ಉದ್ದವನ್ನೂ ತಪ್ಪಾಗಿ ಅಳೆದರು. ಕಿಸೆಯೊಳಗೆ ಪಟ್ಟಿ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಅಳೆಯಬೇಕಿತ್ತು. ಅವರು ಹಾಯಿಯ ಮೇಲೆ ಅಂಚಿನಿಂದ ಅಂಚಿಗೆ ಟೇಪ್ ಹಿಡಿದು, ಬಿಗಿ ಬರಲೆಂದು ಅರ್ಧ ಇಂಚು ಸೇರಿಸಿದರು. ಹಳೆಯ ಹಾಯಿಯ ಬಟ್ಟೆ ವರ್ಷಗಟ್ಟಲೆ ಸುಕ್ಕಾಗಿ, ಬಡಿದುಕೊಂಡು, ಮುದುಡಿರುತ್ತದೆ. ಕಿಸೆಯೂ ಅದರೊಂದಿಗೆ ಗಿಡ್ಡವಾಗಿರುತ್ತದೆ. ಪಟ್ಟಿಯನ್ನು ಇಬ್ಬರು ಸೇರಿ ಒಳಕ್ಕೆ ಒತ್ತಿ, ಬಾಗಿಸಿ, ಹೊರಸಿನ ನವಾರು ಎಳೆದಂತೆ ಬಟ್ಟೆಯನ್ನು ಎಳೆದು, ಬಾಯಿ ಹೊಲಿದರು. ತುದಿಗಳನ್ನು ಉಜ್ಜಿ ನುಣುಪು ಮಾಡಲಿಲ್ಲ, ಮೇಲೊಂದು ಟೊಪ್ಪಿಗೆಯನ್ನೂ ತೊಡಿಸಲಿಲ್ಲ. ಹೊಲಿದದ್ದು ಗೋಣಿಗೂ ತಾಡಪತ್ರಿಗೂ ಬಳಸುವ ದಪ್ಪ ಸೂಜಿಯಿಂದ, ನೂಲಿನ ದಾರದಿಂದ, ನೇರ ಹೊಲಿಗೆಯಲ್ಲಿ. ನೂಲಿನ ದಾರ ಉಪ್ಪಿನ ತೇವಕ್ಕೆ ಕೊಳೆಯುತ್ತದೆ ಎನ್ನುವುದು ಆಮೇಲಿನ ಮಾತು. ಬಿಸಿಲು ತಿಂದು ಪೆಡಸಾದ ಪಾಲಿಯೆಸ್ಟರ್ ಬಟ್ಟೆಯಲ್ಲಿ ದಪ್ಪ ಸೂಜಿ ಒತ್ತೊತ್ತಾಗಿ ತೂತು ಮಾಡಿತು. ಅಂಚೆಚೀಟಿಗಳ ಹಾಳೆಯಲ್ಲಿ ಹರಿಯಲೆಂದೇ ತೂತು ಬಿಟ್ಟಿರುತ್ತಾರಲ್ಲ, ಹಾಗೆ ಒಂದು ಸಾಲು ಸಿದ್ಧವಾಯಿತು.

ಮನೆಯ ಮಾಳಿಗೆಯ ಮೇಲೆ ಹರಡಿ ನೋಡಿದಾಗ ಅದು ಎಷ್ಟು ಚೆಂದ ಕಂಡಿತು! ಒಂದು ಸುಕ್ಕಿಲ್ಲ.

ಜನವರಿಯ ಆ ದಿನ ಬೆಳಗಿನ ಗಾಳಿ ತೀರ ಮೆಲ್ಲಗಿತ್ತು. ಹಾಯಿ ಏರಿಸುವಾಗಲೇ ಕಷ್ಟವಾಯಿತು. ಮುಂಬದಿಯ ಅಂಚಿನಲ್ಲಿ ಸ್ಲೈಡ್‌ಗಳೆಂಬ ಸಣ್ಣ ಬಿಲ್ಲೆಗಳಿರುತ್ತವೆ, ಅವು ಕಂಬದ ಉದ್ದನೆಯ ಸೀಳಿನೊಳಗೆ ಜಾರುತ್ತ ಮೇಲೆ ಹೋಗಬೇಕು. ಮೇಲಿನ ಎರಡು ಬ್ಯಾಟನ್‌ಗಳ ಬಳಿ ಅವು ಕಚ್ಚಿಕೊಳ್ಳುತ್ತಿದ್ದವು. ಎಣ್ಣೆ ಒಣಗಿರಬೇಕು ಎಂದು ಬಲ ಹಾಕಿ ಎಳೆದೆವು. ಅದು ಮೊದಲ ಸೂಚನೆ. ಎರಡನೆಯದು, ದೋಣಿಯ ಮಗ್ಗುಲು ಬದಲಿಸಿದಾಗ ಬಂತು. ಗಾಳಿ ಎಡದಿಂದ ಬಲಕ್ಕೆ ಬಂದ ಕೂಡಲೇ ಬ್ಯಾಟನ್ನಿನ ಬಾಗು ಕೂಡ ಟಪ್ಪನೆ ಮಗುಚಿ ಇನ್ನೊಂದು ಬದಿಗೆ ಬರಬೇಕು. ನಮ್ಮವು ಬರಲಿಲ್ಲ. ಹಾಯಿಯ ಮೇಲ್ಭಾಗ ಹಳೆಯ ಕಡೆಗೇ ಉಬ್ಬಿಕೊಂಡು, ಕೆಳಭಾಗ ಹೊಸ ಕಡೆಗೆ ತಿರುಗಿ, ಇಡೀ ಹಾಯಿ ತಿರುಚಿದಂತೆ ನಿಂತಿತು. ಅಲ್ಲಿಯೇ ಹಿಂದಿರುಗಬೇಕಿತ್ತು.

ಮಧ್ಯಾಹ್ನದ ನಂತರ ಆ ತೀರದಲ್ಲಿ ವಾಯವ್ಯದಿಂದ ಸಮುದ್ರದ ಗಾಳಿ ಏಳುತ್ತದೆ. ಅಗ್ವಾಡ ಕೋಟೆಯ ಕೆಳಗೆ, ನದಿಯ ಬಾಯಿಯಲ್ಲಿ, ಅದು ನಮ್ಮನ್ನು ಹಿಡಿಯಿತು. ದೋಣಿ ವಾಲಿತು. ಹಾಯಿ ಇಳಿಸೋಣವೆಂದು ಮೂತಿಯನ್ನು ಗಾಳಿಗೆ ತಿರುಗಿಸಿ, ಹಗ್ಗ ಬಿಟ್ಟೆವು. ಹಾಯಿ ಒಂದು ಮಾರು ಇಳಿದು ಅಲ್ಲಿಯೇ ನಿಂತುಬಿಟ್ಟಿತು. ಅತಿಯಾಗಿ ಬಿಗಿದ ಪಟ್ಟಿ ಬಿಲ್ಲಿನಂತೆ ಒಂದೇ ಸಮನೆ ಕಂಬದ ಕಡೆಗೆ ಒತ್ತುತ್ತಿರುತ್ತದೆ. ಆ ಒತ್ತಡಕ್ಕೆ ಸ್ಲೈಡ್‌ಗಳು ಆ ಸೀಳಿನಲ್ಲಿ ಓರೆಯಾಗಿ ಸಿಕ್ಕಿಕೊಳ್ಳುತ್ತವೆ. ಕಿಸೆಯ ಬಾಯಿ ತೆರೆದು ಬಿಗಿ ಇಳಿಸೋಣವೆಂದರೆ ಬಾಯಿಯನ್ನೇ ಹೊಲಿದಾಗಿದೆ.

“ಕಾಕಾ, ನಾನು ಎಳೆಯುತ್ತೇನೆ, ನೀವು ಚುಕ್ಕಾಣಿ ಬಿಡಬೇಡಿ,” ಎಂದು ನಮ್ಮೊಡನೆ ಬಂದಿದ್ದ ಅಣ್ಣನ ಮಗ ಕಂಬದ ಬುಡಕ್ಕೆ ಹೋಗಿ ಹಾಯಿಯನ್ನು ಕೆಳಕ್ಕೆ ಜಗ್ಗತೊಡಗಿದ. ಹಾಯಿ ಬಡಿದುಕೊಳ್ಳುತ್ತಿತ್ತು. ಮೇಲಿನಿಂದ ಎರಡನೆಯ ಕಿಸೆ ಹೊಲಿಗೆಯ ಸಾಲಿನುದ್ದಕ್ಕೂ ಬಿಚ್ಚಿಕೊಂಡಿತು, ತಡೆದಿಟ್ಟಿದ್ದ ಪಟ್ಟಿ ಈಟಿಯಂತೆ ಹೊರಗೆ ಹಾರಿತು. ಅದು ಮುಖಕ್ಕೆ ಬಡಿಯದಿರಲೆಂದು ಅವನು ಕೈ ಅಡ್ಡ ಹಿಡಿದ. ಕತ್ತರಿಸಿದ ಹಸಿ ಅಂಚು ಅವನ ಅಂಗೈಯ ಮೇಲೆ ಉದ್ದಕ್ಕೂ ಜಾರಿತು. ಎಂಜಿನ್ ಇದ್ದುದರಿಂದ ನಾವು ಹಿಂದಿರುಗಿದೆವು, ಬೇರೆ ಯಾವ ಜಾಣತನದಿಂದಲೂ ಅಲ್ಲ.

ಹಾಯಿ ಹೊಲಿಯುವುದನ್ನೇ ಕಸುಬಾಗಿಸಿಕೊಂಡ ಹಿರಿಯರೊಬ್ಬರು ಆ ಮೇಲೆ ಅದನ್ನು ನೋಡಿದರು. ಅವರು ಹಳೆಯ ಹೊಲಿಗೆಯ ಮೇಲೆ ಉಗುರಿನಿಂದ ಗೀರಿದಾಗ ದಾರ ಪುಡಿಪುಡಿಯಾಗಿ ಉದುರಿತು. ಬಿಸಿಲು ಮೊದಲು ಕೊಲ್ಲುವುದು ದಾರವನ್ನು, ಏಕೆಂದರೆ ಈ ಗಟ್ಟಿ ಬಟ್ಟೆಯಲ್ಲಿ ದಾರ ಹುದುಗುವುದಿಲ್ಲ, ಮೇಲೆಯೇ ನಿಂತಿರುತ್ತದೆ. ಕೊಳ್ಳುವ ಮೊದಲೇ ಈ ಉಗುರಿನ ಪರೀಕ್ಷೆ ಮಾಡಿ, ಅರ್ಧ ನಿಮಿಷದ ಕೆಲಸ. ಹೊಲಿಗೆಗೆ ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರವೇ ಬೇಕು, ಅದೂ ಅಂಕುಡೊಂಕು ಹೊಲಿಗೆ. ಹಾಯಿ ಹಿಗ್ಗಿದಾಗ ಅದು ಜೊತೆಗೆ ಹಿಗ್ಗುತ್ತದೆ.

ಬ್ಯಾಟನ್ನಿನ ತೆಳು ತುದಿ ಯಾವಾಗಲೂ ಮುಂದಕ್ಕೆ, ಕಂಬದ ಕಡೆಗೆ ಇರಬೇಕು. ಹಾಯಿಯ ಹೊಟ್ಟೆ ಅರ್ಧಕ್ಕಿಂತ ತುಸು ಮುಂದೆಯೇ ಬರಬೇಕಾದ್ದರಿಂದ ಅಲ್ಲಿ ಪಟ್ಟಿ ಸುಲಭವಾಗಿ ಬಾಗಬೇಕು, ಹಿಂದೆ ಗಡಸಾಗಿರಬೇಕು. ಒಂದೇ ಸಮನಾದ ದಪ್ಪ ಪಟ್ಟಿ ಈ ಆಕಾರವನ್ನೇ ಕೊಡುವುದಿಲ್ಲ.

ಇನ್ನು ಬಿಗಿತ. ಬ್ಯಾಟನ್ ಸಡಿಲವಾಗಿದ್ದರೆ ಕಿಸೆಯ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಸಣ್ಣ ಸಣ್ಣ ನಿರಿಗೆಗಳು ಕಾಣುತ್ತವೆ. ವೆಲ್ಕ್ರೊ ಪಟ್ಟಿಯನ್ನು ಎಳೆಯುತ್ತ ಹೋಗಿ; ಆ ನಿರಿಗೆಗಳು ಮಾಯವಾದ ಕ್ಷಣದಲ್ಲಿ ನಿಲ್ಲಿಸಿ. ಅಷ್ಟೇ. ನೆಲದ ಮೇಲೆ ಕೈಯಳತೆಗೆ ಇಷ್ಟು ಮಾಡಿಕೊಂಡು, ಮೆಲುಗಾಳಿಯಲ್ಲಿ ಹಾಯಿ ಏರಿಸಿ ಮತ್ತೊಮ್ಮೆ ನೋಡಬೇಕು. ನಿರಿಗೆ ಮತ್ತೆ ಕಂಡರೆ ಒಂದಿಷ್ಟು ಎಳೆಯಿರಿ. ಬಾಗು ಮಗುಚಲು ಹಟ ಮಾಡಿದರೆ ಒಂದಿಷ್ಟು ಬಿಡಿ. ತಂಬೂರಿಯ ತಂತಿಯ ಕೆಳಗೆ ಜವಾರಿಯ ದಾರವನ್ನು ಕೂದಲೆಳೆಯಷ್ಟು ಸರಿಸಿ ಕಿವಿಗೊಡುವವರನ್ನು ಧಾರವಾಡದಲ್ಲಿ ನೋಡಿದ್ದೇವೆ, ಈ ಕೆಲಸಕ್ಕೂ ಅಂಥದೇ ತಾಳ್ಮೆ ಬೇಕು. ಗಿಡ್ಡ ಬ್ಯಾಟನ್‌ಗಳಿಗಂತೂ ಬಿಗಿಯುವ ಪ್ರಶ್ನೆಯೇ ಇಲ್ಲ: ಒಳತುದಿಯಲ್ಲಿರುವ ಇಲಾಸ್ಟಿಕ್ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಹಿಡಿದಿಡುತ್ತದೆ. ಆ ಇಲಾಸ್ಟಿಕ್ ಸತ್ತಿದ್ದರೆ ಅದನ್ನು ಬದಲಿಸಿ, ಉದ್ದದ ಪಟ್ಟಿ ಹಾಕಿ ಸರಿದೂಗಿಸಲು ಹೋಗಬೇಡಿ. ಕಿಸೆಯ ಬಾಯಿಯನ್ನು ಯಾರೇ ಹೇಳಿದರೂ ಹೊಲಿಸಬೇಡಿ. ಹಳೆಯ ವೆಲ್ಕ್ರೊ ಕಚ್ಚದಿದ್ದರೆ ಹೊಸದನ್ನು ಹೊಲಿಸಿ.

ತಾಡಪತ್ರಿ ಅಂಗಡಿಯವರಿಗೆ ಎಲ್ಲವನ್ನೂ ಹೋಗಿ ಹೇಳಿದೆ. ಅವರು ಬಹಳ ನೊಂದುಕೊಂಡರು, ಹುಡುಗನ ಕೈ ನೋಡಲು ಮನೆಗೂ ಬಂದರು. ನಾನು ಕೊಡದ ತಿಳಿವಳಿಕೆಯನ್ನು ಅವರಿಂದ ನಿರೀಕ್ಷಿಸಿದ್ದೆ, ಅದು ಅನ್ಯಾಯ. ಪಟ್ಟಿ ಕತ್ತರಿಸಿಕೊಟ್ಟವರ ಮೇಲೆ ಮಾತ್ರ ನನಗೆ ಈಗಲೂ ಸಿಟ್ಟಿದೆ. ಫೈಬರ್‌ಗ್ಲಾಸನ್ನು ಕತ್ತರಿಸಿದ ತುದಿಯನ್ನು ನೀರು ಹಾಕಿ ಉಜ್ಜಿ ನುಣುಪು ಮಾಡಿ, ಟೊಪ್ಪಿಗೆ ಹಾಕದೆ ಯಾರ ಕೈಗೂ ಕೊಡಬಾರದು ಎಂಬುದು ಆ ಕಸುಬಿನವರಿಗೆ ತಿಳಿದಿರಲೇಬೇಕು. ನೀವೇ ಕತ್ತರಿಸುವುದಾದರೆ ಮೂಗು ಬಾಯಿ ಮುಚ್ಚಿಕೊಳ್ಳಿ, ಕೈಗವಸು ಹಾಕಿ. ಎಳೆ ಚುಚ್ಚಿದರೆ ಉಜ್ಜಬೇಡಿ. ಉಜ್ಜಿದರೆ ಅದು ಮುರಿದು ಇನ್ನೂ ಒಳಕ್ಕೆ ಹೋಗುತ್ತದೆ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಆಳಕ್ಕೆ ಹೋದದ್ದನ್ನು ವೈದ್ಯರಿಗೆ ಬಿಡಿ. ನಮ್ಮ ಹುಡುಗ ದೋಣಿಯಲ್ಲಿಯೇ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡಿದ್ದ. ಗಾಯಕ್ಕೆ ಐದು ಹೊಲಿಗೆ ಬಿದ್ದವು. ಕೂದಲಿಗಿಂತ ತೆಳುವಾದ ಆ ಬಿಳಿ ಎಳೆಗಳು ಮಾತ್ರ ದಿನಕ್ಕೊಂದರಂತೆ ಮೇಲೆ ಬರುತ್ತಲೇ ಇದ್ದವು. ಅವನ ತಾಯಿ ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಕೂತು, ಕೊನೆಯ ಎಳೆಯನ್ನು ತೆಗೆದದ್ದು ಹನ್ನೊಂದನೆಯ ದಿನ.