ಬೇಸಿಗೆಯ ಸರದಿ ನೀರು: ಬಳಕೆದಾರನೊಬ್ಬನ ವಿಮರ್ಶೆ

ಉತ್ತರ ಕೊಡಗಿನಲ್ಲಿ, ಕಾವೇರಿಯ ದಂಡೆಗೆ ಅಂಟಿಕೊಂಡಿರುವ ಗ್ರಾಮ ಪಂಚಾಯಿತಿಯೊಂದು ಬೇಸಿಗೆಯಲ್ಲಿ ನಡೆಸುವ ಕುಡಿಯುವ ನೀರಿನ ಸರದಿ ಸರಬರಾಜನ್ನು ಅದರ ಬಳಕೆದಾರನಾಗಿ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಪಂಚಾಯಿತಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ವ್ಯವಸ್ಥೆ ಹೆಚ್ಚುಕಡಿಮೆ ಇದೇ ದೋಷಗಳೊಂದಿಗೆ ಜಿಲ್ಲೆಯ ಬೇರೆ ಊರುಗಳಲ್ಲಿಯೂ ಇರುವಾಗ ಒಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಬಿದ್ದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಪಾಲು) ಅಳೆದು ಡೈರಿಯಲ್ಲಿ ಬರೆದಿಡುವ ರೂಢಿಯುಳ್ಳ ನಮ್ಮ ಬೆಳೆಗಾರರು ಆ ವರ್ಷದ ಕೊರತೆಯನ್ನು ಎಲ್ಲರಿಗಿಂತ ಮೊದಲೇ ಬಲ್ಲವರಾಗಿದ್ದರು. ಆದರೂ 2024ರ ಬೇಸಿಗೆಯಲ್ಲಿ ಕುಶಾಲನಗರದ ಬಳಿ ಕಾವೇರಿಯ ಹರಿವು ಕ್ಷೀಣಿಸಿ ಹೊಳೆಯ ತಳದ ಬಂಡೆಗಳು ಬಯಲಾದಾಗ ಊರು ಬೆಚ್ಚಿಬಿದ್ದಿತು. ನಮ್ಮ ಪಂಚಾಯಿತಿ ಸರದಿ ನೀರನ್ನು ಆರಂಭಿಸಿದ್ದು ಆಗ. ತುರ್ತಿಗೆಂದು ಬಂದದ್ದು ಆಮೇಲೆ ಪ್ರತಿ ಬೇಸಿಗೆಯ ಪದ್ಧತಿಯಾಗಿ ನಿಂತುಬಿಟ್ಟಿದೆ.

ಹೊಳೆಯ ಮಡುವಿನಲ್ಲಿರುವ, ನೀರೆತ್ತಲು ಕಟ್ಟಿದ ಬಾವಿಯಾದ ಜಾಕ್‌ವೆಲ್‌ನಿಂದಲೂ ಕೊಳವೆಬಾವಿಗಳಿಂದಲೂ ಎತ್ತಿದ ನೀರು ಗುಡ್ಡದ ಮೇಲಿನ ಟ್ಯಾಂಕಿಗೆ ಏರುತ್ತದೆ. ಅಲ್ಲಿಂದ ಒಂದೊಂದು ಸಾಲಿನ ವಾಲ್ವ್ ತೆರೆದು, ದಿನ ಬಿಟ್ಟು ದಿನ, ಒಂದು ಗಂಟೆ ನೀರು ಬಿಡಲಾಗುತ್ತದೆ. ಈ ಕೆಲಸ ನೋಡಿಕೊಳ್ಳುವ ನೀರುಗಂಟಿಯ ಬಗ್ಗೆ ಮೆಚ್ಚುಗೆಯ ಮಾತನ್ನು ಮೊದಲೇ ಹೇಳಿಬಿಡಬೇಕು. ಬೆಳಕು ಹರಿಯುವ ಮುನ್ನವೇ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಬರುವ ಆತ ವಾಲ್ವ್ ಗುಂಡಿಯ ಚಪ್ಪಡಿ ಸರಿಸಿ, ಒಳಗೆ ಹಾವು ಇಲ್ಲವೆಂದು ಟಾರ್ಚು ಬಿಟ್ಟು ನೋಡಿ, ಕೀಲಿ ತಿರುಗಿಸಿದ ಮೇಲೆ ವಾಟ್ಸ್ಆ್ಯಪ್ ಗುಂಪಿಗೆ ತನ್ನ ಧ್ವನಿಯಲ್ಲಿಯೇ "ಮೇಲಿನ ಲೈನಿಗೆ ಬಿಟ್ಟಿದ್ದೇನೆ, ಹಿಡ್ಕೊಳ್ಳಿ" ಎಂದು ತಿಳಿಸುತ್ತಾನೆ. ಹೇಳಿದ ಹೊತ್ತಿಗೆ ಬಿಡುವುದರಲ್ಲಿ ಆತ ತಪ್ಪಿದ್ದು ಅಪರೂಪ. ನೀರಿನ ಗುಣವೂ ಒಳ್ಳೆಯದೇ. ಬ್ಲೀಚಿಂಗ್ ವಾಸನೆ ಕೆಲವು ದಿನ ಮೂಗಿಗೆ ಹೊಡೆಯುತ್ತದೆ, ಕೆಸರು ನೀರು ಬಂದದ್ದಿಲ್ಲ. ತಿಂಗಳ ಶುಲ್ಕ ಯಾರಿಗೂ ಭಾರವೆನಿಸುವಷ್ಟಿಲ್ಲ. ಪಂಪ್ ನಡೆಸುವ ಕರೆಂಟ್ ಬಿಲ್ಲಿಗಾದರೂ ಅದು ಸಾಲುತ್ತದೆಯೇ ಎಂಬುದು ನನ್ನ ಅನುಮಾನ.

ದೋಷವಿರುವುದು ಹಂಚಿಕೆಯಲ್ಲಿ. ಪಂಚಾಯಿತಿ ಹಂಚುತ್ತಿರುವುದು ಗಂಟೆಯನ್ನು, ನೀರನ್ನಲ್ಲ. ಎಲ್ಲರಿಗೂ ಒಂದು ಗಂಟೆ ಎಂಬುದು ಕಾಗದದ ಮೇಲೆ ಸಮಪಾಲಿನಂತೆ ಕಾಣುತ್ತದೆ. ಆದರೆ ನಮ್ಮದು ಇಳಿಜಾರಿನ ಊರು. ವಾಲ್ವ್ ತೆರೆದಾಗ ನೀರು ಮೊದಲು ತಗ್ಗಿನ ಮನೆಗಳಿಗೆ ಧುಮುಕುತ್ತದೆ, ಏರಿನ ಮನೆಗಳ ನಲ್ಲಿಯಲ್ಲಿ ಮೊದಲ ಇಪ್ಪತ್ತು ನಿಮಿಷ ಬರೀ ಗಾಳಿ ಬುಸುಗುಟ್ಟುತ್ತದೆ. ಇದಕ್ಕೆ ಕೆಲವರು ಕಂಡುಕೊಂಡಿರುವ ಉಪಾಯವೆಂದರೆ ಪೈಪಿಗೆ ನೇರವಾಗಿ ಮೋಟಾರ್ ಕೂರಿಸಿ ನೀರನ್ನು ಎಳೆದುಕೊಳ್ಳುವುದು. ಅಂಥ ಮನೆಯೊಂದು ಆ ಗಂಟೆಯಲ್ಲಿ ಎರಡು ಸಾವಿರ ಲೀಟರಿನ ಸಂಪನ್ನು ತುಂಬಿಸಿಕೊಂಡರೆ, ಅದೇ ಸಾಲಿನ ಮುಂದಿನ ಮನೆಯವರು ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ಕಾಯುತ್ತಾರೆ. ಮೋಟಾರ್ ಇಡಬಾರದೆಂಬ ನೋಟಿಸು ಪಂಚಾಯಿತಿ ಕಚೇರಿಯ ಗೋಡೆಯ ಮೇಲಿದೆ. ಇಟ್ಟವರ ನಲ್ಲಿಯನ್ನು ಕತ್ತರಿಸಿದ ಉದಾಹರಣೆಯನ್ನು ಮಾತ್ರ ನಾನು ಕಂಡಿಲ್ಲ.

ಇದರ ಪೂರ್ತಿ ಪೆಟ್ಟು ಬೀಳುವುದು ಲೈನ್‌ಮನೆಗಳ ಮೇಲೆ. ನಮ್ಮ ಸಾಲಿನ ಕೊನೆಯಲ್ಲಿ, ತೋಟದ ಕಾರ್ಮಿಕರ ಹತ್ತು ಕುಟುಂಬಗಳಿಗೆ ಒಂದೇ ಒಂದು ಬೀದಿ ನಲ್ಲಿ ಇದೆ. ಹಿಂದಿನ ಸಂಜೆಯೇ ಅಲ್ಲಿ ಪ್ಲಾಸ್ಟಿಕ್ ಕೊಡಗಳ ಸಾಲು ನಿಲ್ಲುತ್ತದೆ. ಗುರುತಿಗೆಂದು ಒಂದರ ಕುತ್ತಿಗೆಗೆ ಬಟ್ಟೆಯ ಚೂರು, ಇನ್ನೊಂದಕ್ಕೆ ಕೆಂಪು ದಾರ ಕಟ್ಟಿರುತ್ತದೆ. ನೀರು ಚೆನ್ನಾಗಿ ಬಂದ ದಿನವೂ ಹದಿನೈದು ಲೀಟರಿನ ಕೊಡ ತುಂಬಲು ಎರಡು ನಿಮಿಷ ಹಿಡಿಯುತ್ತದೆ. ಅಂದರೆ ಗಂಟೆಗೆ 30 ಕೊಡ, ಕುಟುಂಬಕ್ಕೆ ಮೂರು, ಅದೂ ಎರಡು ದಿನಕ್ಕೆ. ನಾಲ್ಕು ಮಂದಿಯ ಸಂಸಾರವೆಂದು ಹಿಡಿದರೆ ತಲೆಗೆ ದಿನಕ್ಕೆ ಆರು ಲೀಟರೂ ದಕ್ಕುವುದಿಲ್ಲ. 2019ರಲ್ಲಿ ಆರಂಭವಾದ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನ ಜಲಜೀವನ್ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ಉಳಿದ ನೀರಿಗಾಗಿ ಆ ಹೆಂಗಸರು ತೋಟದ ಕೆರೆಗೆ ಹೋಗುತ್ತಾರೆ, ಕೆಲಸಕ್ಕೆ ತಡವಾದರೆ ಮೇಸ್ತ್ರಿಯ ಮಾತನ್ನೂ ಕೇಳುತ್ತಾರೆ.

ಇನ್ನೊಂದು ದೋಷ ಚಿಕ್ಕದಾಗಿ ಕಂಡರೂ ಕಿರಿಕಿರಿಯದು. ಹಿಂದಿನ ರಾತ್ರಿ ಕರೆಂಟ್ ಕೈಕೊಟ್ಟು ಟ್ಯಾಂಕ್ ತುಂಬದಿದ್ದರೆ ಆ ಸಾಲಿನವರ ಪಾಳಿ ಹೋದಂತೆಯೇ. ಮರುದಿನ ಬೇರೆಯವರ ಪಾಳಿಯಾದ್ದರಿಂದ ತಪ್ಪಿದ ನೀರನ್ನು ಸರಿದೂಗಿಸುವ ಕ್ರಮವೇ ಇಲ್ಲ. ದೂರಿನ ಪುಸ್ತಕದಲ್ಲಿ ಇದನ್ನು ಬರೆದಾಗ "ಕರೆಂಟ್ ನಮ್ಮ ಕೈಲಿಲ್ಲ" ಎಂಬ ಉತ್ತರ ಬಂದಿತು. ಅದು ನಿಜವೇ. ಆದರೆ ಪಾಳಿಯ ಪಟ್ಟಿ ಅವರ ಕೈಯಲ್ಲಿಯೇ ಇದೆ.

ನಲ್ಲಿಗೆ ಬರುವ ಮೊದಲೇ ಹೊಳೆಯಿಂದ ಹೋಗುವ ನೀರಿನ ಮಾತನ್ನು ಬಿಟ್ಟು ಈ ಸೇವೆಯನ್ನು ತೂಗಲಾಗದು. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ನೀರು ಕೊಡಲೇಬೇಕು. ಮೊಗ್ಗು ಅರಳದಿದ್ದರೆ ವರ್ಷದ ಫಸಲೇ ಹೋಗುತ್ತದೆ, ಅರಳಿದ ಮೇಲೆ ಕಾಯಿ ಕಚ್ಚಲು ಇನ್ನೊಂದು ಸುತ್ತು ನೀರು ಬೇಕು. ಬೆಳೆಗಾರರ ಈ ಆತಂಕವನ್ನು ದುರಾಸೆ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ಮನೆಯ ಖರ್ಚು ನಡೆಯುವುದೂ ಕಾಫಿಯಿಂದಲೇ. ಆದರೆ ಲೆಕ್ಕ ಲೆಕ್ಕವೇ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1,02,800 ಲೀಟರ್, ಒಂದೂವರೆ ಇಂಚಾದರೆ ಒಂದೂವರೆ ಲಕ್ಷ ಲೀಟರ್ ದಾಟುತ್ತದೆ. ನಾಲ್ಕು ಮಂದಿಯ ಕುಟುಂಬಕ್ಕೆ ತಲೆಗೆ 55 ಲೀಟರಿನಂತೆ ಕೊಟ್ಟರೆ ಇಷ್ಟು ನೀರು 700 ದಿನಗಳಿಗೆ ಬರುತ್ತದೆ. ಬರದ ವರ್ಷದಲ್ಲಿ ಜಾಕ್‌ವೆಲ್‌ನ ಮೇಲ್ಭಾಗದಲ್ಲಿ ಒಂದೇ ರಾತ್ರಿ ನಾಲ್ಕಾರು ಪಂಪುಗಳು ಹೊಳೆಗೆ ಇಳಿದರೆ ಬೆಳಗಾಗುವಷ್ಟರಲ್ಲಿ ಮಡುವಿನ ಮಟ್ಟ ಇಳಿದಿರುತ್ತದೆ. ಜಾಕ್‌ವೆಲ್‌ನ ಫುಟ್‌ವಾಲ್ವ್ (ನೀರು ಹೀರುವ ಪೈಪಿನ ತಳದ ವಾಲ್ವ್) ಗಾಳಿ ಹೀರಲು ತೊಡಗುತ್ತದೆ.

ಈ ವಿಷಯಕ್ಕಾಗಿಯೇ ಕರೆದ ಗ್ರಾಮಸಭೆಯಲ್ಲಿ ನಡೆದ ಚರ್ಚೆ ಸೇವೆಯ ಗುಣಮಟ್ಟವನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಬೆಳೆಗಾರರು ಹೊಳೆಗೆ ಪಂಪ್ ಇಡುವುದರ ಮೇಲಿನ ತಡೆಯಿಂದ ಹೂವಿನ ಹದಿನೈದು ದಿನಕ್ಕಾದರೂ ವಿನಾಯಿತಿ ಬೇಕೆಂದರು. ಹೋಂಸ್ಟೇ ನಡೆಸುವವರು, ಅತಿಥಿಗಳು ಬಂದರೆ ಊರಿನ ಅಂಗಡಿಗಳೂ ನಡೆಯುತ್ತವೆ ಎಂದರು. ಹಿರಿಯರೊಬ್ಬರು ಎದ್ದುನಿಂತು, ಕಾವೇರಿ ನಮ್ಮ ಕುಲದೇವತೆ, ತಲಕಾವೇರಿ ನಮ್ಮದು, ಮೊದಲ ನೀರು ನಮಗೆ ಎಂದಾಗ ಚಪ್ಪಾಳೆ ಬಿದ್ದಿತು. ಆ ಮಾತಿನ ಹಿಂದೆ ಚರಿತ್ರೆಯ ನೋವೂ ಇದೆ ಎಂಬುದನ್ನು ಒಪ್ಪುತ್ತೇನೆ. 1892 ಮತ್ತು 1924ರ ಒಪ್ಪಂದಗಳನ್ನು ಮಾಡಿಕೊಂಡವರು ಮೈಸೂರು ಮತ್ತು ಮದರಾಸಿನವರು, ನದಿ ಹುಟ್ಟುವ ಕೊಡಗು ಅವುಗಳಲ್ಲಿ ಪಾಲುದಾರನಾಗಿರಲಿಲ್ಲ. ಹಾರಂಗಿ ಜಲಾಶಯ ನಮ್ಮ ನೆಲದಲ್ಲಿದ್ದರೂ ಅದರ ಕಾಲುವೆಯ ನೀರಿನ ಹೆಚ್ಚಿನ ಪಾಲು ಉಣಿಸುವುದು ಮೈಸೂರು, ಹಾಸನ ಜಿಲ್ಲೆಗಳ ಗದ್ದೆಗಳನ್ನು. ಆದರೆ ಹುಟ್ಟಿದ ಜಾಗದವರಿಗೆ ಮೊದಲ ಹಕ್ಕು ಎಂಬ ವಾದವನ್ನು ಊರೊಳಗೆ ತಂದರೆ ಅದು ಮೇಲಿನ ತೋಟದವನಿಗೆ ಮೊದಲ ಹಕ್ಕು ಎಂದಾಗುತ್ತದೆ. ಲೈನ್‌ಮನೆಯವರ ಪರವಾಗಿ ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಅವರು ಬರುವುದಾದರೂ ಹೇಗೆ?

ಇದಕ್ಕಿಂತ ದೊಡ್ಡ ಜಗಳದಲ್ಲಿ ನಾವೇ ಕಕ್ಷಿದಾರರು. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರಲ್ಲಿ ಕಣಿವೆಯ ನೀರನ್ನು 740 ಟಿಎಂಸಿ ಎಂದು ಲೆಕ್ಕಹಾಕಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದಿತು. ಸಂಕಷ್ಟದ ವರ್ಷದಲ್ಲಿ ಕೊರತೆಯನ್ನೂ ಪಾಲಿನ ಅನುಪಾತದಲ್ಲಿಯೇ ಹಂಚಿಕೊಳ್ಳಬೇಕೆಂಬುದು ಆ ವ್ಯವಸ್ಥೆಯ ತತ್ವ. ಆ ಕೊರತೆಯನ್ನು ಲೆಕ್ಕ ಹಾಕುವುದು ಹೇಗೆಂಬುದರ ಮೇಲೆ 2023ರಲ್ಲಿಯೂ ಎರಡು ರಾಜ್ಯಗಳು ಕಾದಾಡಿದವು. ಆದರೆ ಆ ಕಾದಾಟಕ್ಕೆ ಒಂದು ನೆಲೆಯಿದೆ. ಬಿಳಿಗುಂಡ್ಲುವಿನಲ್ಲಿ ಅಳತೆಯ ಕೇಂದ್ರವಿದ್ದು ಹರಿದ ನೀರಿಗೆ ದಿನದಿನದ ಲೆಕ್ಕ ಸಿಗುತ್ತದೆ. ನಮ್ಮ ಪಂಚಾಯಿತಿಯಲ್ಲಿ ಟ್ಯಾಂಕಿನಿಂದ ಎಷ್ಟು ಹೋಯಿತು, ಯಾವ ಸಾಲಿಗೆ ಎಷ್ಟು ತಲುಪಿತು, ಹೊಳೆಯಿಂದ ಯಾರು ಎಷ್ಟು ಎತ್ತಿದರು ಎಂದು ಹೇಳಬಲ್ಲವರು ಒಬ್ಬರೂ ಇಲ್ಲ. ಹೊಸ ನಲ್ಲಿಗಳ ಜೊತೆ ಕೂರಿಸಿದ ಮೀಟರುಗಳ ಮುಳ್ಳು ಓಡುತ್ತಿದೆ, ಆದರೆ ಅವನ್ನು ಯಾರೂ ಓದುತ್ತಿಲ್ಲ. ಹೀಗಾಗಿ ಗ್ರಾಮಸಭೆಯ ಚರ್ಚೆ ಯಾರ ಗಂಟಲು ದೊಡ್ಡದು ಎಂಬುದರ ಮೇಲೆ ಮುಗಿಯುತ್ತದೆ.

ಕಾನೂನು ಇಲ್ಲವೆನ್ನುವಂತಿಲ್ಲ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು 1999ರಲ್ಲಿ ಮಾಡಿದ ಕರ್ನಾಟಕದ ಅಂತರ್ಜಲ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ನೀರಿನ ಅಭಾವವಿರುವ ಪ್ರದೇಶವೆಂದು ಘೋಷಿಸಿದ ಮೇಲೆ ಬೇರೆ ಬಾವಿಗಳಿಂದ ನೀರೆತ್ತುವುದನ್ನು ನಿರ್ಬಂಧಿಸುವ ಅಧಿಕಾರವೂ ಅದರಲ್ಲಿದೆ. ಪಂಚಾಯಿತಿಯ ಕೊಳವೆಬಾವಿಯಿಂದ ಕಲ್ಲೆಸೆಯುವಷ್ಟು ದೂರದಲ್ಲಿ, ರಾತ್ರೋರಾತ್ರಿ ರಿಗ್ ತಂದು ಹೊಸ ಬಾವಿ ಕೊರೆದಾಗ ಅನುಮತಿಯ ಕಾಗದ ಕೇಳಲು ಯಾರೂ ಹೋಗಲಿಲ್ಲ.

ಪಾಳಿ ತಪ್ಪಿದವರಿಗೆ ಉಳಿದಿರುವುದು ಖಾಸಗಿ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ದರ ನಿಗದಿ ಮಾಡಿದ್ದರು. ನಮ್ಮಲ್ಲಿ ಅಂಥ ಕಟ್ಟುಪಾಡಿಲ್ಲ; ಟ್ರ್ಯಾಕ್ಟರಿನವರು ಹೇಳಿದ್ದೇ ದರ, ಏರು ರಸ್ತೆಯಾದರೆ ಅದಕ್ಕೆ ಬೇರೆ. ಅವರು ನೀರು ತುಂಬುವುದು ಎಲ್ಲಿಂದ ಎಂದು ಕೇಳಿದರೆ ನಗುತ್ತಾರೆ. ಅದೂ ಇದೇ ಹೊಳೆಯ, ಇದೇ ಅಂತರ್ಜಲದ ನೀರೇ ಎಂಬುದು ಕೊಳ್ಳುವವರಿಗೂ ಗೊತ್ತು.

ಪಂಚಾಯಿತಿ ಮಾಡಬಹುದಾದ ಕೆಲಸ ದೊಡ್ಡ ಯೋಜನೆಯೇನೂ ಅಲ್ಲ. ಪ್ರತಿ ಸಾಲಿನ ಆರಂಭದಲ್ಲಿ ಇಡೀ ಸಾಲಿಗೆ ಹೋದ ನೀರನ್ನು ಅಳೆಯುವ ಒಂದು ಬಲ್ಕ್ ಮೀಟರ್ ಕೂರಿಸಿ, ವಾರಕ್ಕೊಮ್ಮೆ ಅದರ ಅಂಕಿಯನ್ನು ಕಚೇರಿಯ ಹಲಗೆಯ ಮೇಲೆ ಬರೆಯಲಿ. ಪಾಲನ್ನು ನಲ್ಲಿಯ ಮೇಲೆ ಹಾಕದೆ ತಲೆಯ ಮೇಲೆ ಹಾಕಿ, ಲೈನ್‌ಮನೆಗಳ ಬಳಿ ಒಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟು ಅದನ್ನು ಎಲ್ಲರಿಗಿಂತ ಮೊದಲು ತುಂಬಿಸಲಿ. ಹೊಳೆಗೆ ಪಂಪ್ ಇಡುವುದನ್ನು ಪೂರ್ತಿ ತಡೆಯುವ ಆದೇಶ ಬರದ ವರ್ಷದಲ್ಲಿ ಹೊರಟರೂ ಕತ್ತಲಲ್ಲಿ ಡೀಸೆಲ್ ಪಂಪ್ ಓಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ತೋಟಗಳಿಗೂ ಪಾಳಿ ಕಟ್ಟುವುದು ಹೆಚ್ಚು ಪ್ರಾಮಾಣಿಕ ಮಾರ್ಗವೆಂದು ನನ್ನ ಅಭಿಪ್ರಾಯ. ಸ್ವಂತ ಕೆರೆಯಿದ್ದವರು ಮೊದಲು ಅದನ್ನು ಬಳಸಲಿ, ಇಲ್ಲದವರು ಹಗಲಿನಲ್ಲಿ, ಮಡುವಿನ ಗುರುತುಗಂಬದ ಮಟ್ಟಕ್ಕೆ ನೀರು ಇಳಿಯುವವರೆಗೆ ಮಾತ್ರ ಎತ್ತಲಿ. ಇದರಿಂದ ಕೆಲವು ಎಕರೆಗಳಿಗೆ ಹೂವಿನ ನೀರು ತಡವಾಗಿ ಫಸಲು ಕಡಿಮೆಯಾಗುವುದು ಖಂಡಿತ. ನನ್ನ ತೋಟವೂ ಅದರಲ್ಲಿ ಸೇರುತ್ತದೆ.

ಅಂಕ ಕೊಡಬೇಕಾದರೆ ನೀರುಗಂಟಿಗೆ ಐದಕ್ಕೆ ಐದು, ನೀರಿನ ಗುಣಕ್ಕೆ ನಾಲ್ಕು, ದೂರಿಗೆ ಸ್ಪಂದಿಸುವುದಕ್ಕೆ ಎರಡು, ಹಂಚಿಕೆಗೆ ಒಂದೂವರೆ. ಆ ಅರ್ಧ ಅಂಕ, ಕಳೆದ ಬೇಸಿಗೆಯ ಕೊನೆಯಲ್ಲಿ ಲೈನ್‌ಮನೆಯ ನಲ್ಲಿಗೆ ಹೆಚ್ಚುವರಿ ಅರ್ಧ ಗಂಟೆ ಕೊಟ್ಟಿದ್ದಕ್ಕೆ. ಈ ಭಾಗದಲ್ಲಿ ಬಾಡಿಗೆ ಮನೆ ನೋಡುವವರು ಮಳೆಗಾಲದ ಹಸಿರಿಗೆ ಮರುಳಾಗದೆ ಮನೆ ಯಾವ ವಾಲ್ವಿನ ಸಾಲಿನಲ್ಲಿದೆ, ತಗ್ಗಿನಲ್ಲಿದೆಯೋ ಏರಿನಲ್ಲಿದೆಯೋ, ಪಕ್ಕದ ಮನೆಗೆ ಸಂಪು ಇದೆಯೋ ಎಂಬುದನ್ನು ವಿಚಾರಿಸಿಕೊಂಡು ಮುಂಗಡ ಕೊಡುವುದು ಒಳ್ಳೆಯದು. ಮಾಲೀಕರಿಗಿಂತ ನೀರುಗಂಟಿಯನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಬೆಳಿಗ್ಗೆ ಏಳರ ನಂತರ ಪಂಪ್‌ಹೌಸಿನಲ್ಲಿ ಇರುತ್ತಾನೆ.