ಹಗ್ಗದ ಕವಚ: ಮನೆಯದೋ, ಕೊಂಡದ್ದೋ?

ಹೊಳಲ್ಕೆರೆಯ ಹುಣಸೆ ಮರಗಳ ಕೊಂಬೆ ಸವರಲು, ಹತ್ತುವ ಹಗ್ಗ ಕೊಂಬೆಗೆ ಉಜ್ಜಿ ಸವೆಯದಂತೆ ನಡುವೆ ಇಡುವ ಹಗ್ಗದ ಕವಚ ಮಾಡಿಕೊಳ್ಳಲೇ, ಕೊಳ್ಳಲೇ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಮನೆಯದೇ ಸರಿ. ಅಗ್ನಿಶಾಮಕದ ಹಳೆಯ ಕ್ಯಾನ್ವಾಸ್ ಪೈಪನ್ನು ಮೊಳದುದ್ದ ಕತ್ತರಿಸಿ, ಒಳಗೆ ಹಗ್ಗ ತೂರಿಸಿ, ಪೈಪು ಜಾರದಂತೆ ತುದಿಗೆ ತೂತು ಕೊರೆದು ದಾರ ಕಟ್ಟಿದರೆ ಆಯಿತು. ಹಗ್ಗ ಓಡದೆ ಒಂದೇ ಜಾಗದಲ್ಲಿ ಒತ್ತುವ ಕಡೆ ಇದು ಚೆನ್ನಾಗಿ ತಾಳುತ್ತದೆ.

ಹಗ್ಗ ಕೊಂಬೆಯ ಮೇಲೆ ಓಡುವುದಾದರೆ ಮಾತೇ ಬೇರೆ. ನೈಲಾನ್ ಉಜ್ಜಿ ಬಿಸಿಯಾದರೆ ಎಳೆ ಕರಗಿ, ಮತ್ತೆ ಗಾಜಿನಂತೆ ಗಟ್ಟಿಯಾಗುತ್ತದೆ. ಬೆರಳಿಗೆ ತಗಲುವ ಆ ಹೊಳಪು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಕಾರ್ಖಾನೆಯ ಎರಡು ಬಳೆಯ ಪಟ್ಟಿಯನ್ನು (ಎರಡೂ ತುದಿಗೆ ಲೋಹದ ಬಳೆಯಿರುವ ಪಟ್ಟಿ) ಕೊಂಬೆಗೆ ಸುತ್ತಿ, ಹಗ್ಗವನ್ನು ಬಳೆಗಳಲ್ಲಿ ತೂರಿಸಿದರೆ ಅದು ಲೋಹದ ಮೇಲೆ ಜಾರುತ್ತದೆ, ತೊಗಟೆಯೂ ಉಳಿಯುತ್ತದೆ. ಈ ಪಟ್ಟಿ ಮೈಭಾರ ಹೊರುವ ವಸ್ತು, ಮನೆಯಲ್ಲಿ ಹೊಲಿಯಬೇಡಿ. ತಾಳುವ ಭಾರ ಕಿಲೋನ್ಯೂಟನ್ (kN, ಬಲದ ಅಳತೆ) ಲೆಕ್ಕದಲ್ಲಿ ಅಚ್ಚಾಗಿರುವುದನ್ನೇ ಕೊಳ್ಳಿ.

ದಿನವೂ ಹತ್ತುವವರಿಗೆ ಪಟ್ಟಿ. ಅಪರೂಪಕ್ಕೆ, ಓಡದಂತೆ ಕಟ್ಟಿದ ಹಗ್ಗದಲ್ಲಿ ಹತ್ತುವವರಿಗೆ ಕ್ಯಾನ್ವಾಸ್ ಸಾಕು.